ಕಣ್ಣಿನ ಡಾಕ್ಟರು ಬಿಡಿಸಿದ ದೋಣಿಗಳು

ನಮ್ಮ ಕ್ಲಿನಿಕ್ಕಿನ ಕತ್ತಲೆ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಡಬ್ಬಿ ಇದೆ. ಅದರೊಳಗೆ ನಾಲ್ಕು ದೀಪ. ಮೇಲೊಂದು ಕೆಂಪು, ಆಚೆ ಈಚೆ ಒಂದೊಂದು ಹಸಿರು, ಕೆಳಗೊಂದು ಬಿಳಿ. ಮೆಳ್ಳೆಗಣ್ಣಿನ ಮಕ್ಕಳು ಬಂದರೆ ಕೆಂಪು-ಹಸಿರು ಕನ್ನಡಕ ಹಾಕಿ ಕೂರಿಸಿ, "ಎಷ್ಟು ದೀಪ ಕಾಣ್ತಿದೆ ಪುಟ್ಟಾ?" ಅಂತ ಕೇಳುತ್ತೇನೆ. ನಾಲ್ಕು ಅಂದರೆ ಎರಡೂ ಕಣ್ಣು ಸೇರಿ ಕೆಲಸ ಮಾಡುತ್ತಿವೆ. ಎರಡು ಅಂದರೆ ಕೆಂಪು ಗಾಜಿನ ಹಿಂದಿನ ಕಣ್ಣು ಮಾತ್ರ. ಮೂರು ಅಂದರೆ ಹಸಿರು ಗಾಜಿನ ಹಿಂದಿನದು ಮಾತ್ರ. ಐದು ಅಂದರೆ ಎರಡೂ ನೋಡುತ್ತಿವೆ, ಆದರೆ ಒಂದಕ್ಕೊಂದು ಹೊಂದಿಕೊಳ್ಳುತ್ತಿಲ್ಲ.

ಇದಕ್ಕೆ ವರ್ತ್ ಫೋರ್ ಡಾಟ್ ಟೆಸ್ಟ್ ಅಂತ ಹೆಸರು. ಆಪ್ಟೋಮೆಟ್ರಿ ಓದಿದ ಯಾರನ್ನೇ ಕೇಳಿ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ. ನಾನೂ ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಆ ಹೆಸರು ಹೇಳಿದವಳೇ. ಆ ವರ್ತ್ ಯಾರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಕ್ಲಾಡ್ ವರ್ತ್. 1869ರಲ್ಲಿ ಹುಟ್ಟಿ 1936ರಲ್ಲಿ ತೀರಿಕೊಂಡವರು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ಸರ್ಜನ್. 1903ರಲ್ಲಿ ಮೆಳ್ಳೆಗಣ್ಣಿನ ಬಗ್ಗೆ ಅವರು ಬರೆದ ಪುಸ್ತಕ ನಮ್ಮ ವೃತ್ತಿಗೆ ಅಡಿಪಾಯ. ಇಷ್ಟು ಗೊತ್ತಾದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 1910ರಲ್ಲಿ ಅವರು ಇನ್ನೊಂದು ಪುಸ್ತಕ ಬರೆದಿದ್ದರು. ಅದು ಹಾಯಿದೋಣಿಯ ಬಗ್ಗೆ. ಸಣ್ಣ ದೋಣಿಯಲ್ಲಿ ಮನೆಯವರೋ ಗೆಳೆಯರೋ ಒಬ್ಬಿಬ್ಬರೇ ಸಮುದ್ರಕ್ಕೆ ಇಳಿಯುವುದು ಹೇಗೆ, ಎಂಥ ದೋಣಿ ಬೇಕು, ಲಂಗರು ಎಷ್ಟು ಭಾರ ಇರಬೇಕು, ಹಾಯಿ ಹೇಗೆ ಹೊಲಿಯಬೇಕು, ಎಲ್ಲ. ಅವರ ನಾಲ್ಕು ದೋಣಿಗಳಿಗೆ ಒಂದೇ ಹೆಸರು, ಟರ್ನ್. ನಮ್ಮ ಕಡಲ ಮೇಲೂ ಹಾರುವ ರೀವ ಹಕ್ಕಿ. ದೋಣಿ ಬದಲಾದರೂ ಆ ಹೆಸರು ಮತ್ತೆ ಮತ್ತೆ ಬಂತು. ಮೂರನೇ ಟರ್ನ್ 1914ರದು, ನಾಲ್ಕನೆಯದು 1924ರದು.

ನಾನು ಮಲ್ಪೆಯವಳು. ಚಿಕ್ಕಪ್ಪನಿಗೆ ದೋಣಿ ಇತ್ತು. ಸಣ್ಣವಳಿದ್ದಾಗ ಸಮುದ್ರದ ವಾಸನೆ ಇಲ್ಲದ ಊರೂ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾಗಿ ಕಣ್ಣಿನ ಡಾಕ್ಟರೊಬ್ಬರು ದೋಣಿ ಬಗ್ಗೆ ಬರೆದಿದ್ದಾರೆ ಅಂದ ಕೂಡಲೇ ನಾನು ಹಿಂದೆ ಬಿದ್ದೆ. ಬಿದ್ದವಳಿಗೆ ಇನ್ನೊಬ್ಬ ಕಣ್ಣಿನ ಡಾಕ್ಟರು ಸಿಕ್ಕಿದರು. ಈ ಬರಹ ಜಾಸ್ತಿ ಅವರ ಬಗ್ಗೆಯೇ.

ಥಾಮಸ್ ಹ್ಯಾರಿಸನ್ ಬಟ್ಲರ್. 1871ರಿಂದ 1945ರವರೆಗೆ ಬದುಕಿದವರು, ಬರ್ಮಿಂಗ್‌ಹ್ಯಾಮಿನಲ್ಲಿ ಕಣ್ಣಿನ ಸರ್ಜನ್ ಆಗಿದ್ದವರು. ನೀವು ಕಣ್ಣಿನ ಆಸ್ಪತ್ರೆಗೆ ಹೋದಾಗ ಗದ್ದ ಇಟ್ಟು ಹಣೆ ಒತ್ತಿ ಕೂರುವ ಯಂತ್ರ ಇದೆಯಲ್ಲ, ಒಂದು ಸಣ್ಣ ಸೀಳು ಬೆಳಕು ಬಂದು ಕಣ್ಣಿನ ಮೇಲೆ ಓಡಾಡುತ್ತದಲ್ಲ, ಅದು ಸ್ಲಿಟ್ ಲ್ಯಾಂಪ್. ಆ ಯಂತ್ರ ಇನ್ನೂ ಹೊಸದಾಗಿದ್ದ ಕಾಲದಲ್ಲಿ, 1927ರಲ್ಲಿ, ಅದರಲ್ಲಿ ಏನೇನು ಕಾಣುತ್ತದೆ ಅಂತ ಚಿತ್ರ ಸಮೇತ ಕೈಪಿಡಿ ಬರೆದವರು ಇವರು. ಹಗಲು ಆ ಕೆಲಸ. ಬಿಡುವಾದಾಗ ಸಣ್ಣ ಹಾಯಿದೋಣಿಗಳ ನಕ್ಷೆ ಬಿಡಿಸುತ್ತಿದ್ದರು. ಹೊಟ್ಟೆಪಾಡಿಗಲ್ಲ, ಅದು ಅವರ ಹುಚ್ಚು.

ಯೋಚಿಸಿ ನೋಡಿ. ನನ್ನ ಕೋಣೆಯ ಗೋಡೆಯ ಮೇಲೆ ಒಬ್ಬರು, ಮೇಜಿನ ಮೇಲೆ ಇನ್ನೊಬ್ಬರು. ಇಬ್ಬರೂ ದೋಣಿಯವರು!

ಆಗಿನ ಇಂಗ್ಲೆಂಡಿನಲ್ಲಿ ಇಂಥ ಹುಚ್ಚು ಯಾಕೆ ಹುಟ್ಟಿತು ಅಂತ ಸ್ವಲ್ಪ ಹೇಳಬೇಕು. 19ನೇ ಶತಮಾನದಲ್ಲಿ ಯಾಟ್ ಅಂದರೆ ಶ್ರೀಮಂತರ ಆಸ್ತಿ. ದೊಡ್ಡ ದೋಣಿ, ಸಂಬಳದ ಆಳುಗಳು. ಯಜಮಾನರು ಡೆಕ್ಕಿನ ಮೇಲೆ ಸುಮ್ನೆ ಕೂರುವುದು. ದೋಣಿಯ ಆಕಾರವನ್ನು ತೀರ್ಮಾನ ಮಾಡುತ್ತಿದ್ದದ್ದು ಸಮುದ್ರ ಅಲ್ಲ, ಪಂದ್ಯದ ನಿಯಮ. ಥೇಮ್ಸ್ ಅಳತೆ ಅಂತ ಒಂದು ಲೆಕ್ಕ ಇತ್ತು. ಉದ್ದದಿಂದ ಅಗಲ ಕಳೆಯಿರಿ, ಬಂದದ್ದನ್ನು ಅಗಲದಿಂದ ಗುಣಿಸಿ, ಮತ್ತೆ ಅರ್ಧ ಅಗಲದಿಂದ ಗುಣಿಸಿ, 94ರಿಂದ ಭಾಗಿಸಿ. ಬಂದದ್ದು ದೋಣಿಯ 'ಟನ್'. ಅದು ತೂಕ ಅಲ್ಲ, ಲೆಕ್ಕದ ಸಂಖ್ಯೆ ಅಷ್ಟೇ. 21 ಅಡಿ ಉದ್ದ, 7 ಅಡಿ ಅಗಲದ ದೋಣಿಗೆ ಹೀಗೆ ಮಾಡಿದರೆ ಸುಮಾರು 3.6 ಬರುತ್ತದೆ. ಅದನ್ನು ನಾಲ್ಕು ಟನ್ನಿನ ದೋಣಿ ಅನ್ನುತ್ತಿದ್ದರು.

ಈ ಲೆಕ್ಕದಲ್ಲಿ ಅಗಲ ಎರಡೆರಡು ಸಲ ಗುಣಿಸುತ್ತದೆ, ಆಳ ಎಲ್ಲೂ ಇಲ್ಲ. ನಕ್ಷೆ ಮಾಡುವವರು ಜಾಣರು. ಅಗಲ ಕಡಿಮೆ ಮಾಡಿದರು, ಆಳ ಜಾಸ್ತಿ ಮಾಡಿದರು, ಅಡಿಗೆ ಸೀಸ ತುಂಬಿದರು. 1880ರ ದಶಕದ ಹೊತ್ತಿಗೆ ಇಂಗ್ಲಿಷ್ ಯಾಟ್‌ಗಳು ಅಂಚಿನ ಮೇಲೆ ನಿಲ್ಲಿಸಿದ ಹಲಗೆಯ ಹಾಗೆ ಆಗಿದ್ದವು. ಒಳಗೆ ಮಲಗಿದರೆ ಎರಡೂ ಭುಜ ಗೋಡೆಗೆ ತಾಗಬೇಕು, ಅಷ್ಟು ಇಕ್ಕಟ್ಟು. 1886ರಲ್ಲಿ ನಿಯಮ ಬದಲಾಯಿತು, ದೋಣಿಗಳು ಮತ್ತೆ ಉಸಿರಾಡಿದವು.

ಅದೇ ಹೊತ್ತಿಗೆ ಬೇರೆ ಥರದ ಜನ ಸಮುದ್ರಕ್ಕೆ ಬರತೊಡಗಿದರು. ಮೇಷ್ಟ್ರು, ಡಾಕ್ಟರು, ಗುಮಾಸ್ತರು. ಇವರ ಹತ್ತಿರ ಆಳಿಗೆ ಕೊಡಲು ದುಡ್ಡಿಲ್ಲ. ಶನಿವಾರ ಮಧ್ಯಾಹ್ನ ರೈಲಿನಲ್ಲಿ ಬಂದು ಭಾನುವಾರ ರಾತ್ರಿ ವಾಪಸ್ ಹೋಗಬೇಕು. ಇವರಿಗೆ ಬೇಕಿದ್ದದ್ದು ಒಬ್ಬರೇ ನಿಭಾಯಿಸಬಹುದಾದ ದೋಣಿ. ಮಳೆ ಬಂದರೆ ಒಳಗೆ ಕೂರಬೇಕು, ಪ್ರೈಮಸ್ ಸ್ಟೌ ಮೇಲೆ ಟೀ ಆಗಬೇಕು, ರಾತ್ರಿ ಕಾಲು ಚಾಚಿ ಮಲಗಬೇಕು, ಗಾಳಿ ಎದ್ದರೆ ಮನೆಗೆ ಮುಟ್ಟಿಸಬೇಕು. 1906ರಲ್ಲಿ ಯಾಟಿಂಗ್ ಮಂತ್ಲಿ ಪತ್ರಿಕೆ ಶುರುವಾಯಿತು. ಅದರ ಮೊದಲ ಸಂಪಾದಕ ಹರ್ಬರ್ಟ್ ರೀಯಾಕ್ ಸ್ವತಃ ದೋಣಿಯ ನಕ್ಷೆ ಮಾಡುವವರು. ಬಟ್ಲರ್ ಅವರ ನಕ್ಷೆಗಳೂ ಬರಹಗಳೂ ಮುಂದೆ ಅದರಲ್ಲೇ ಬಂದವು.

ಈ ಸಣ್ಣ ದೋಣಿಗಳ ನಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾದವು ಮಾತ್ರ ಒಬ್ಬ ಚಿತ್ರಕಲಾ ಮೇಷ್ಟ್ರದು. ಆಲ್ಬರ್ಟ್ ಸ್ಟ್ರೇಂಜ್, 1855ರಿಂದ 1917. ಸ್ಕಾರ್ಬರೋ ಊರಿನ ಕಲಾಶಾಲೆಯ ಮುಖ್ಯಸ್ಥರು, ನೀರುಬಣ್ಣದ ಚಿತ್ರಗಾರರು. ಅವರು ಬಿಡಿಸಿದ ಎಷ್ಟೋ ದೋಣಿಗಳ ಹಿಂಭಾಗವೂ ಮುಂಭಾಗದ ಹಾಗೇ ಮೊನಚು. ಕೆನೂ ಎಂಬ ಕಿರುದೋಣಿಯಿಂದ ಬೆಳೆದು ಬಂದ ಆಕಾರ ಅದು. ಅದಕ್ಕೆ ಕೆನೂ ಯಾಲ್ ಅಂತಲೇ ಕರೆಯುತ್ತಿದ್ದರು. ಮುಂದೆ ಒಂದು ದೊಡ್ಡ ಕಂಬ, ತೀರಾ ಹಿಂದೆ ಇನ್ನೊಂದು ಪುಟ್ಟ ಕಂಬ. ಗಾಳಿ ಜಾಸ್ತಿಯಾದರೆ ದೊಡ್ಡ ಹಾಯಿ ಇಳಿಸಿ, ಮುಂದಿನ ತುಂಡು ಹಾಯಿ, ಹಿಂದಿನ ಪುಟ್ಟ ಹಾಯಿ ಎರಡರಲ್ಲೇ ನಿಧಾನ ಹೋಗಬಹುದು.

ಆ ನಕ್ಷೆಯೊಂದನ್ನು ಮೊಬೈಲಿನಲ್ಲಿ ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋನು ಹತ್ತಿರ ದೂರ ಮಾಡಿ, ತುಂಬಾ ಹೊತ್ತು ನೋಡಿದರು. "ಹಿಂದೆಯೂ ಮುಂದೆಯೂ ಒಂದೇ ನಮೂನೆ ಉಂಟಲ್ಲ ಮಾರಾಯ್ತಿ" ಅಂದರು. "ಒಳ್ಳೆಯದು. ಹಿಂದಿನಿಂದ ಅಲೆ ಬಂದರೆ ಹೊಡೆಯುವುದಿಲ್ಲ, ಸೀಳಿ ಆಚೀಚೆ ಹೋಗ್ತದೆ."

ಅವರು ಯಾವ ನಕ್ಷೆಯನ್ನೂ ಓದಿ ಕಲಿತವರಲ್ಲ. ಒಂದು ನೋಟ ಸಾಕಾಯಿತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಕಾಲದ ಇಂಗ್ಲೆಂಡಿನ ಮೀನು ದೋಣಿ, ಸರಕು ದೋಣಿ, ಎಷ್ಟೋ ಸಣ್ಣ ಯಾಟ್‌ಗಳ ಹಾಯಿ ಕೆಂಪು-ಕಂದು ಬಣ್ಣ. ಹಾಯಿ ಬಟ್ಟೆ ಬೂಸಲು ಹಿಡಿದು ಕೊಳೆಯಬಾರದು ಅಂತ ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ಆ ಬಣ್ಣದ ವಸ್ತುವಿಗೆ ಅಲ್ಲಿಯವರು 'ಕಚ್' ಅನ್ನುತ್ತಿದ್ದರು. ಅದು ಬೇರೇನೂ ಅಲ್ಲ, ನಮ್ಮ ಎಲೆ ಅಡಿಕೆಯ ಕಾಚು. ಕಾಚಿನ ಮರದ ಚೇಗು ಕುದಿಸಿ ತೆಗೆದದ್ದು, ಭಾರತ ಬರ್ಮಾ ಕಡೆಯಿಂದ ಹಡಗಿನಲ್ಲಿ ಹೋಗುತ್ತಿತ್ತು. ಚಿಕ್ಕಪ್ಪನಿಗೆ ಹೇಳಿದೆ. ಅಜ್ಜನ ಕಾಲದಲ್ಲಿ ಹತ್ತಿ ಬಲೆಗೆ ಮರದ ತೊಗಟೆ ಕುದಿಸಿದ ನೀರು ಹಾಕುತ್ತಿದ್ದದ್ದು ಅವರಿಗೆ ನೆನಪಾಯಿತು. ಆ ದೋಣಿಗಳ ಒಳ್ಳೆಯ ಹಲಗೆಗಳು ತೇಗದವು. ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ದೋಣಿಗೆ ಅವರು ಇವತ್ತಿಗೂ ಕರೆಯುವುದು ಡಿಂಗಿ. ಅದೂ ಇಲ್ಲಿಂದಲೇ ಹೋದ ಮಾತು.

ಸ್ಟ್ರೇಂಜ್ ಅವರ ದೋಣಿಗಳು ಎಷ್ಟು ಗಟ್ಟಿ ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. 1911ರಲ್ಲಿ ಕಟ್ಟಿದ ಎರಡನೇ ಶೀಲಾ. (ಹೌದು, ನಮ್ಮಲ್ಲಿನ ಶೀಲಾ ಥರವೇ.) ಭಾರತದ ಸೇನೆಯ ಗೂರ್ಖಾ ಪಡೆಯಲ್ಲಿ ಅಧಿಕಾರಿಯಾಗಿದ್ದ ಏಡ್ರಿಯನ್ ಹೇಟರ್ ಅದನ್ನು ಒಬ್ಬರೇ ಇಂಗ್ಲೆಂಡಿನಿಂದ ನಡೆಸಿಕೊಂಡು 1956ರಲ್ಲಿ ನ್ಯೂಜಿಲೆಂಡ್ ಮುಟ್ಟಿಸಿದರು. ಇನ್ನೊಂದು ಟ್ಯಾಲಿ ಹೋ. ಇದು ಸಣ್ಣದಲ್ಲ, 47 ಅಡಿಯದು, 1910ರಲ್ಲಿ ಕಟ್ಟಿದ್ದು. 1927ರ ಫಾಸ್ಟ್‌ನೆಟ್ ಪಂದ್ಯದಲ್ಲಿ ಬಿರುಗಾಳಿ ಬಂದು, ಹೊರಟ ದೋಣಿಗಳಲ್ಲಿ ಗುರಿ ಮುಟ್ಟಿದ್ದು ಎರಡೇ. ಟ್ಯಾಲಿ ಹೋ ಅದರಲ್ಲೊಂದು, ಗೆದ್ದದ್ದೂ ಅದೇ. ಆಮೇಲೆ ಪೆಸಿಫಿಕ್ಕಿನ ಹವಳದ ದಿಬ್ಬಕ್ಕೆ ಬಡಿದು, ಮೀನು ಹಿಡಿಯುವ ದೋಣಿಯಾಗಿ, ಕೊನೆಗೆ ಅಮೆರಿಕದ ಒಂದು ಬಂದರಿನಲ್ಲಿ ಅನಾಥವಾಗಿ ಬಿದ್ದಿತ್ತು. 2017ರಲ್ಲಿ ಲಿಯೋ ಸ್ಯಾಂಪ್ಸನ್ ಗೂಲ್ಡೆನ್ ಎಂಬ ಇಂಗ್ಲಿಷ್ ಬಡಗಿ ಅದನ್ನು ಕೊಂಡು, ಒಂದೊಂದೇ ಮರ ಬದಲಾಯಿಸಿ, 2024ರಲ್ಲಿ ನೀರಿಗಿಳಿಸಿದರು. ಆ ಕೆಲಸದ ಬಗ್ಗೆ ಅವರು ಹಾಕಿದ ವಿಡಿಯೊಗಳನ್ನು ನಾನು ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಒಂದೂ ಬಿಡದೆ ನೋಡಿದ್ದೇನೆ.

ಸರಿ, ಮತ್ತೆ ಬಟ್ಲರ್ ಹತ್ತಿರ ಬರೋಣ.

ಅವರ ತಲೆ ತುಂಬಾ ಇದ್ದದ್ದು ಒಂದೇ ವಿಷಯ. ದೋಣಿಯ ಸಮತೋಲ. ಮುಳುಗುತ್ತದೋ ಇಲ್ಲವೋ ಅನ್ನುವ ಸಮತೋಲ ಅಲ್ಲ. ಚುಕ್ಕಾಣಿಯ ಹಿಡಿ ಕೈಯಲ್ಲಿ ಹಿಡಿದು ಕೂತವನಿಗೆ ಗೊತ್ತಾಗುವ ಸಮತೋಲ.

ಹಾಯಿದೋಣಿ ಗಾಳಿಗೆ ಒಂದು ಪಕ್ಕಕ್ಕೆ ವಾಲಿಕೊಂಡೇ ಓಡುತ್ತದೆ. ಈಗ ಒಂದು ದೋಣಿಯ ಹಿಂಭಾಗ ಅಗಲ, ಮುಂಭಾಗ ಚೂಪು ಅಂದುಕೊಳ್ಳಿ. ಅದು ವಾಲಿದಾಗ ಹಿಂದಿನ ದಪ್ಪ ಭಾಗ ಜಾಸ್ತಿ ನೀರಿಗಿಳಿಯುತ್ತದೆ. ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಹಿಂಭಾಗ ಎದ್ದರೆ ಮೂಗು ತಗ್ಗುತ್ತದೆ. ತಗ್ಗಿದ ಮೂಗು ನೀರಿನಲ್ಲಿ ಕಚ್ಚಿಕೊಂಡು ದೋಣಿ ಗಾಳಿಯ ಕಡೆಗೆ ತಿರುಗಲು ಹಟ ಮಾಡುತ್ತದೆ. ಚುಕ್ಕಾಣಿ ಹಿಡಿದವನು ಎಳೆದು ಎಳೆದು ನಿಲ್ಲಿಸಬೇಕು. ಹತ್ತು ನಿಮಿಷ ಆದರೆ ಪರವಾಗಿಲ್ಲ. ರಾತ್ರಿಯಿಡೀ ಆದರೆ? ಅವನ ಜೊತೆ ಇನ್ನೊಬ್ಬರಿಲ್ಲ. ನಕ್ಷೆ ನೋಡಬೇಕು, ದೀಪ ಹಚ್ಚಬೇಕು, ಒಂದು ತುತ್ತು ತಿನ್ನಬೇಕು. ಹಿಡಿ ಬಿಟ್ಟರೆ ದೋಣಿ ತನ್ನ ದಾರಿ ಹಿಡಿಯುತ್ತದೆ.

ಸ್ವಲ್ಪ ಗಾಳಿಯ ಕಡೆಗೆ ತಿರುಗುವ ಸ್ವಭಾವ ಒಳ್ಳೆಯದೇ. ಕೈ ತಪ್ಪಿದರೆ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಬೋರಲು ಬೀಳುವುದಿಲ್ಲ. ಆದರೆ ಅದು ಎರಡು ಬೆರಳಿನಲ್ಲಿ ತಡೆಯುವಷ್ಟಿರಬೇಕು.

ಎಲ್ಲ ನಕ್ಷೆಗಾರರೂ ಇದಕ್ಕೊಂದು ಸುಲಭ ಲೆಕ್ಕ ಮಾಡುತ್ತಿದ್ದರು. ನೀರಿನ ಕೆಳಗಿನ ದೋಣಿಯ ಪಕ್ಕದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಸೂಜಿಯ ಮೇಲೆ ನಿಲ್ಲಿಸುವುದು. ಎಲ್ಲಿ ನಿಲ್ಲುತ್ತದೋ ಅದು ಮಧ್ಯ. ಹಾಯಿಗಳ ಮಧ್ಯವನ್ನೂ ಹುಡುಕುವುದು. ಹಾಯಿಯ ಮಧ್ಯ ನೀರಿನ ಮಧ್ಯಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಎಷ್ಟು ಮುಂದೆ? ಅದು ಅನುಭವ. ಈ ಲೆಕ್ಕ ನಿಂತ ದೋಣಿಗೆ ಸರಿ. ವಾಲಿದ ದೋಣಿಯ ಕಥೆಯೇ ಬೇರೆ, ಅಲ್ವಾ?

ಅಲ್ಲಿಗೆ ಆಲ್ಫ್ರೆಡ್ ಟರ್ನರ್ ಬರುತ್ತಾರೆ. ನೌಕಾಪಡೆಯ ಎಂಜಿನಿಯರ್ ರಿಯರ್ ಅಡ್ಮಿರಲ್. ಅವರು ದೋಣಿಯನ್ನು ಸೌತೆಕಾಯಿಯ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ನೋಡಿದರು, ಕಾಗದದ ಮೇಲೆ. ದೋಣಿ ವಾಲಿದಾಗ ಪ್ರತಿ ಬಿಲ್ಲೆಯಲ್ಲೂ ಒಂದು ಪಕ್ಕ ಸ್ವಲ್ಪ ಮುಳುಗುತ್ತದೆ, ಇನ್ನೊಂದು ಪಕ್ಕ ಸ್ವಲ್ಪ ಏಳುತ್ತದೆ. ಒಂದೊಂದು ಬಿಲ್ಲೆ ಎಷ್ಟು ಆಚೀಚೆ ಎಳೆಯುತ್ತದೆ ಅಂತ ಲೆಕ್ಕ ಹಾಕಿ, ಮೂಗಿನಿಂದ ಬಾಲದವರೆಗೆ ಗೆರೆ ಎಳೆಯುವುದು. ಗೆರೆ ದೋಣಿಯ ನಡುಗೆರೆಗೆ ಸಮನಾಗಿ ನೆಟ್ಟಗೆ ಬಂದರೆ ದೋಣಿ ಶಾಂತ. ಸೊಟ್ಟ ಬಂದರೆ ಹಟಮಾರಿ. ಇದಕ್ಕೆ ಮೆಟಾಸೆಂಟ್ರಿಕ್ ಶೆಲ್ಫ್ ಅಂತ ಹೆಸರಿಟ್ಟರು. 1930ರ ದಶಕದಲ್ಲಿ ಬಟ್ಲರ್ ಇದನ್ನು ಮನಸಾರೆ ಒಪ್ಪಿಕೊಂಡರು. ತಮ್ಮ ನಕ್ಷೆಗಳನ್ನು ಈ ಲೆಕ್ಕಕ್ಕೆ ಹಾಕಿ ತಿದ್ದಿದರು. ಅವರ ಸ್ವಂತ ದೋಣಿ ವಿಂಡಿಲಿಸ್ ಅವರದೇ ನಕ್ಷೆ. 21 ಅಡಿಯ, ನಾಲ್ಕು ಟನ್ನಿನ ಇನ್ನೊಂದು ನಕ್ಷೆಯಿಂದ ಆ ದಶಕದ ಕೊನೆಯಲ್ಲಿ ಒಂದೇ ಅಚ್ಚಿನ ದೋಣಿಗಳನ್ನು ಸಾಲಾಗಿ ಕಟ್ಟಿದರು. ಝಡ್ ಫೋರ್ ಟನ್ನರ್ ಅನ್ನುತ್ತಾರೆ. ಅವುಗಳಲ್ಲಿ ಕೆಲವನ್ನು ಜನ ಇವತ್ತಿಗೂ ಅಕ್ಕರೆಯಿಂದ ಇಟ್ಟುಕೊಂಡಿದ್ದಾರೆ.

ಇದನ್ನು ಓದಿ ಸುಮ್ಮನಿರಲು ನನಗೆ ಆಗಲಿಲ್ಲ. ಒಂದು ಭಾನುವಾರ ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆ ತೆಗೆದುಕೊಂಡೆ. ದಪ್ಪ ಕಾಗದ, ಕತ್ತರಿಸಲು ಚೆನ್ನಾಗಿರುತ್ತದೆ. ಸಣ್ಣ ದೋಣಿಯೊಂದರ ನಕ್ಷೆ ಪ್ರಿಂಟ್ ಹಾಕಿ, ನೀರಿನ ಗೆರೆಯ ಕೆಳಗಿನ ಭಾಗವನ್ನು ಪತ್ರಿಕೆಯ ಹಿಂದೆ ಇಳಿಸಿ ಕತ್ತರಿಸಿದೆ. ಮೂಗಿನ ಹತ್ತಿರ ಗೆರೆ ಎಷ್ಟು ನಾಜೂಕಾಗಿ ಬಾಗುತ್ತದೆ ಅಂದರೆ, ಕತ್ತರಿ ಅಲ್ಲ ಕಾಗದವನ್ನೇ ತಿರುಗಿಸಬೇಕು. ಆಮೇಲೆ ಗುಂಡುಸೂಜಿಯನ್ನು ರಬ್ಬರಿಗೆ ಚುಚ್ಚಿ, ತುದಿ ಮೇಲೆ ಮಾಡಿ, ಅದರ ಮೇಲೆ ಇಟ್ಟೆ. ಬಿತ್ತು. ಸ್ವಲ್ಪ ಮುಂದೆ ಸರಿಸಿದೆ. ಬಿತ್ತು. ಕೂದಲೆಳೆ ಹಿಂದೆ. ಒಂದು ಕ್ಷಣ ನಿಂತು, ಮೂಗು ನಿಧಾನ ತಗ್ಗಿ, ಮತ್ತೆ ಬಿತ್ತು. ಫ್ಯಾನ್ ಆಫ್ ಮಾಡಿದೆ. ಅಷ್ಟು ಹೊತ್ತಿಗೆ ಬೆವರು. ಕೊನೆಗೊಮ್ಮೆ ನಿಂತಿತು. ಉಸಿರು ಬಿಟ್ಟರೆ ತೂಗುತ್ತದೆ, ಬೀಳುವುದಿಲ್ಲ. ಸೂಜಿಯನ್ನು ಅಲ್ಲೇ ಒತ್ತಿ ತೂತು ಮಾಡಿದೆ.

ಆ ತೂತು ನೋಡಿದಾಗ ಬಟ್ಲರ್ ನನಗೆ ಹತ್ತಿರದವರಾದರು. ಸ್ಲಿಟ್ ಲ್ಯಾಂಪಿನಲ್ಲಿ ಕೂಡ ಹೀಗೇ. ಬೆಳಕಿನ ಸೀಳನ್ನು ಕೂದಲೆಳೆ ಆಚೆ, ಕೂದಲೆಳೆ ಈಚೆ. ಉಸಿರು ಹಿಡಿದು. ಕಣ್ಣಿನ ಪದರಗಳೂ ಬಿಲ್ಲೆ ಬಿಲ್ಲೆಯಾಗಿಯೇ ಕಾಣುವುದು. ಬಿಲ್ಲೆಗಳನ್ನು ಒಂದೊಂದಾಗಿ ನೋಡಿ ಮನಸ್ಸಿನಲ್ಲಿ ಪೂರ್ತಿ ಆಕಾರ ಕಟ್ಟಿಕೊಳ್ಳಬೇಕು. ದಿನವಿಡೀ ಆ ಕೆಲಸ ಮಾಡಿದವರಿಗೆ ದೋಣಿಯನ್ನು ಹೋಳು ಮಾಡಿ ನೋಡುವ ಲೆಕ್ಕ ಇಷ್ಟವಾಗಿದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಈಗ ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ ಭಾಗ. ಮೆಟಾಸೆಂಟ್ರಿಕ್ ಶೆಲ್ಫ್ ಲೆಕ್ಕವನ್ನು ನಂತರದ ನೌಕಾಶಾಸ್ತ್ರ ಒಪ್ಪಲಿಲ್ಲ. ಅದು ಬರೀ ಆಕಾರದ ಲೆಕ್ಕ. ಓಡುವ ದೋಣಿಯ ಸುತ್ತ ನೀರು ಹೇಗೆ ಹರಿಯುತ್ತದೆ, ಕೀಲ್ ಅಂದರೆ ಅಡಿಯ ಬೆನ್ನೆಲುಬು ಎಷ್ಟು ಎಳೆಯುತ್ತದೆ, ವಾಲಿದಾಗ ಹಾಯಿಯ ಎಳೆತ ಎಷ್ಟು ಪಕ್ಕಕ್ಕೆ ಹೋಗುತ್ತದೆ, ಇದ್ಯಾವುದೂ ಅದರಲ್ಲಿಲ್ಲ. ಹಾಗಂತ ಬಟ್ಲರ್ ಅವರ ದೋಣಿಗಳು ಕೆಟ್ಟವಾ? ಅಲ್ಲ. ನಡೆಸಿದವರು ಹೇಳುವುದು ಒಂದೇ ಮಾತು, ಅವು ಪಳಗಿದ ದೋಣಿಗಳು. ಕೈಗೆ ಹಗುರ. ಅದೇ ಲೆಕ್ಕವನ್ನು ನೆಚ್ಚಿಕೊಂಡಿದ್ದ ಜ್ಯಾಕ್ ಲಾರೆಂಟ್ ಜೈಲ್ಸ್ 1930ರ ದಶಕದಲ್ಲಿ ಬಿಡಿಸಿದ ವರ್ಚ್ಯೂ ಎಂಬ ನಮೂನೆಯ 25 ಅಡಿಯ ದೋಣಿಗಳು ಅಟ್ಲಾಂಟಿಕ್ ಸಾಗರವನ್ನೇ ದಾಟಿದವು.

ವರ್ತ್ ಅವರದೂ ಹೀಗೇ ಆಯಿತು. ಮೆದುಳಿನಲ್ಲಿ ಎರಡು ಕಣ್ಣಿನ ಚಿತ್ರಗಳನ್ನು ಬೆಸೆಯುವ ಒಂದು ಶಕ್ತಿ ಇದೆ, ಹುಟ್ಟಿನಿಂದಲೇ ಅದು ಕಡಿಮೆ ಇದ್ದರೆ ಮೆಳ್ಳೆಗಣ್ಣು ಬರುತ್ತದೆ ಅಂತ ಅವರು ನಂಬಿದ್ದರು. ಅವರದೇ ಪುಸ್ತಕವನ್ನು 1939ರಲ್ಲಿ ಮತ್ತೆ ತಿದ್ದಿ ತಂದ ಷವಾಸ್ ಎಂಬ ಡಾಕ್ಟರು ಆ ವಾದವನ್ನೇ ಪ್ರಶ್ನಿಸಿದರು. ವಾದ ಬದಲಾಯಿತು. ಆದರೆ ಎಳೆಯ ವಯಸ್ಸಿನಲ್ಲೇ ಮಗುವನ್ನು ಹಿಡಿದು ಕೂರಿಸಿ ಎರಡೂ ಕಣ್ಣಿಗೆ ಕೆಲಸ ಕಲಿಸಬೇಕು ಅಂತ ವರ್ತ್ ಪಟ್ಟ ಹಟ ಉಳಿಯಿತು. ಒಂದೊಂದು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸಲು ಅವರು ಮಾಡಿದ ಆಂಬ್ಲಿಯೋಸ್ಕೋಪಿನ ಮೊಮ್ಮಗನಂಥ ಯಂತ್ರ ಇವತ್ತಿಗೂ ಕಣ್ಣಿನ ಆಸ್ಪತ್ರೆಗಳಲ್ಲಿದೆ. ನಾಲ್ಕು ದೀಪ ನನ್ನ ಗೋಡೆಯಲ್ಲೇ ಇದೆ.

ಕಾರಣ ಹೇಳುವಾಗ ಇಬ್ಬರೂ ಎಡವಿದರು. ಕೆಲಸದಲ್ಲಿ ಎಡವಲಿಲ್ಲ. ನನಗನಿಸುವುದು, ಲೆಕ್ಕಕ್ಕಿಂತ ಮುಂಚೆಯೇ ಅವರಿಗೆ ಗೊತ್ತಿತ್ತು. ಬಟ್ಲರ್ ವರ್ಷಗಟ್ಟಲೆ ಚುಕ್ಕಾಣಿ ಹಿಡಿದವರು. ಯಾವ ದೋಣಿ ತೋಳು ನೋಯಿಸುತ್ತದೆ ಅಂತ ಅವರ ತೋಳಿಗೇ ಗೊತ್ತು. ಆ ಗೊತ್ತಿರುವುದನ್ನು ಕಾಗದಕ್ಕೆ ಇಳಿಸಲು ಒಂದು ದಾರಿ ಬೇಕಿತ್ತು, ಟರ್ನರ್ ಲೆಕ್ಕ ಸಿಕ್ಕಿತು. ಬಿಲ್ಲೆ ಬಿಲ್ಲೆಯಾಗಿ ದೋಣಿಯನ್ನು ಅಷ್ಟು ಸಲ, ಅಷ್ಟು ಹತ್ತಿರದಿಂದ ನೋಡಿದ ಮೇಲೆ, ಸೊಟ್ಟ ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ಚಿಕ್ಕಪ್ಪನಿಗೆ ಒಂದು ನೋಟ ಸಾಕಾದದ್ದೂ ಹೀಗೇ ಇರಬೇಕು.

ಇದನ್ನು ಒಪ್ಪದವರೂ ಇರುತ್ತಾರೆ. ಕಾರಣ ತಪ್ಪಾದರೆ ಮುಂದಿನವರಿಗೆ ಕಲಿಸುವುದು ಹೇಗೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಷವಾಸ್ ಅಂಥವರು ಬೇಕೇ ಬೇಕು. ಆದರೂ ಟರ್ನರ್ ಲೆಕ್ಕ ತಪ್ಪು ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಒಂದು ಸಲ ರಟ್ಟು ಕತ್ತರಿಸಿ ಸೂಜಿಯ ಮೇಲೆ ನಿಲ್ಲಿಸಿ ನೋಡಲಿ.

ಆ ಲಗ್ನಪತ್ರಿಕೆಯ ದೋಣಿ ಈಗ ನನ್ನ ಕ್ಲಿನಿಕ್ಕಿನ ಡ್ರಾಯರಿನಲ್ಲಿದೆ, ಕೆಂಪು-ಹಸಿರು ಕನ್ನಡಕದ ಪಕ್ಕ. ಹೋದ ವಾರ ಆರು ವರ್ಷದ ಹುಡುಗನೊಬ್ಬ ಬಂದಿದ್ದ. ಬಲಗಣ್ಣು ಒಳಗೆ ತಿರುಗುತ್ತದೆ, ಒಂದು ಕಣ್ಣಿಗೆ ಪಟ್ಟಿ ಹಾಕಿ ತಿಂಗಳುಗಳಾಗಿವೆ. ಕನ್ನಡಕ ತೆಗೆಯಲು ಡ್ರಾಯರ್ ಎಳೆದಾಗ ಅವನು ಅದನ್ನು ನೋಡಿದ. "ಇದೇನು ಆಂಟಿ?" ದೋಣಿ ಅಂದೆ. ಅವನು ನಂಬಲಿಲ್ಲ. ಹಿಂದೆ ಮದುವೆ ಮಂಟಪದ ಚಿತ್ರ ಇತ್ತಲ್ಲ. ರಬ್ಬರಿಗೆ ಸೂಜಿ ಚುಚ್ಚಿ ಅವನ ಮುಂದೆ ಇಟ್ಟು, ತೂತಿನ ಮೇಲೆ ದೋಣಿ ಕೂರಿಸಿದೆ. ಅವನ ಅಮ್ಮ ಹೇಳುವ ಮೊದಲೇ ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. ಮೂಗು ಸೂಜಿಗೆ ತಾಗುವಷ್ಟು ಬಗ್ಗಿ, ಉಸಿರು ಹಿಡಿದು ನೋಡಿದ. ದೋಣಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿ ನಿಂತಿತು.